ಮೊಹರಿನ ಬೆಲೆ: ಎಸ್ಟೋನಿಯಾದ ಒಂದು ಪರವಾನಗಿಯ ಕಥೆ

ನಮ್ಮ ಕಚೇರಿ ಕನ್ನಡದಲ್ಲಿ ಪಾರಸಿ ಮತ್ತು ಅರಬಿಯಿಂದ ಬಂದ ಮಾತುಗಳು ಬಹಳ. ಪರವಾನಗಿ, ಮೊಹರು, ಸನದು, ಜಾಮೀನು, ರುಜುವಾತು. ಮೊದಲು ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡಕ್ಕೆ ಬಂದ ನನ್ನಂಥವರಿಗೆ ಈ ಪದಗಳು ಎರಡು ಮನೆಯ ನೆಂಟರಂತೆ. ಉರ್ದುವಿನಲ್ಲಿ ಪರ್ವಾನಾ ಎಂದರೆ ಅಪ್ಪಣೆಯ ಕಾಗದ. ದೀಪದ ಸುತ್ತ ಸುತ್ತಿ ರೆಕ್ಕೆ ಸುಟ್ಟುಕೊಳ್ಳುವ ಹುಳುವಿಗೂ ಅಲ್ಲಿ ಅದೇ ಹೆಸರು. ಜಾಮೀನು ಎಂಬುದು ಇದಕ್ಕಿಂತ ಬೇರೆಯ ಮಾತು. ಪರವಾನಗಿ ಕೊಡುವವನು "ನೀನು ಅಂಗಡಿ ತೆರೆಯಬಹುದು" ಎನ್ನುತ್ತಾನೆ. ಜಾಮೀನು ನಿಲ್ಲುವವನು "ಇವನು ತಪ್ಪಿದರೆ ನಾನು ಕೊಡುತ್ತೇನೆ" ಎನ್ನುತ್ತಾನೆ. ಎರಡೂ ಒಂದೇ ಎಂದು ತಿಳಿದವರು ಬಡವರಾಗುವುದನ್ನು ನಾವು ನೋಡುತ್ತಲೇ ಇದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದ. ಪರದೆಯ ಮೇಲೆ ಬಿಟ್‌ಕಾಯಿನ್ ವ್ಯವಹಾರದ ಯಾವುದೋ ಕಂಪನಿ. ಕೆಳಗೆ ಸಣ್ಣ ಅಕ್ಷರದಲ್ಲಿ ಪರವಾನಗಿ ಸಂಖ್ಯೆ, ಅದರ ಪಕ್ಕದಲ್ಲಿ ಎಸ್ಟೋನಿಯಾ ಎಂಬ ಹೆಸರು. "ಚಾಚಾ, ಇದು ಊರ ಚೀಟಿ ವ್ಯವಹಾರ ಅಲ್ಲ. ಯುರೋಪಿನ ಸರ್ಕಾರದ ಲೈಸೆನ್ಸ್ ಇದೆ, ನೋಡಿ" ಎಂದ. ಎಸ್ಟೋನಿಯಾ ಎಲ್ಲಿದೆ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆ ದೇಶದ ಬಗ್ಗೆ, ಅದರ ಮೊಹರಿನ ಬಗ್ಗೆ ನಾನು ಓದಲು ಶುರುಮಾಡಿದ್ದು ಅವತ್ತಿನಿಂದ.

ರೂಬಲ್ ಬಿಟ್ಟ ದೇಶ

ಎಸ್ಟೋನಿಯಾ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಪುಟ್ಟ ದೇಶ. ವಿಸ್ತೀರ್ಣ ಸುಮಾರು 45 ಸಾವಿರ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲುಭಾಗಕ್ಕಿಂತಲೂ ಕಡಿಮೆ. ಜನಸಂಖ್ಯೆ ಹದಿನಾಲ್ಕು ಲಕ್ಷವನ್ನು ಮುಟ್ಟುವುದಿಲ್ಲ. ರಾಜಧಾನಿ ತಾಲಿನ್. 1918ರಲ್ಲಿ ಸ್ವತಂತ್ರವಾದ ಈ ದೇಶವನ್ನು 1940ರಲ್ಲಿ ಸೋವಿಯತ್ ಒಕ್ಕೂಟ ನುಂಗಿತು. 1941ರಲ್ಲಿ ಹಿಟ್ಲರನ ಜರ್ಮನಿ ಆಕ್ರಮಿಸಿಕೊಂಡಿತು. 1944ರಲ್ಲಿ ಮತ್ತೆ ಸೋವಿಯತ್ ಆಳ್ವಿಕೆ ಬಂತು. ಕಳೆದುಕೊಂಡ ಸ್ವಾತಂತ್ರ್ಯ ಮರಳಿ ಸಿಕ್ಕಿದ್ದು 1991ರ ಆಗಸ್ಟ್ 20ರಂದು.

ಹೊಸ ಸರ್ಕಾರದ ಮುಂದಿದ್ದ ಮೊದಲ ದೊಡ್ಡ ಪ್ರಶ್ನೆ ಹಣದ್ದು. ಜನರ ಜೇಬಿನಲ್ಲಿದ್ದ ರೂಬಲ್ ದಿನದಿನಕ್ಕೆ ಕಾಗದವಾಗುತ್ತಿತ್ತು. 1992ರ ಜೂನ್ 20ರಂದು ಎಸ್ಟೋನಿಯಾ ತನ್ನದೇ ಆದ ಕ್ರೋನ್ ನಾಣ್ಯವನ್ನು ಚಲಾವಣೆಗೆ ತಂದಿತು. ಹಿಂದಿನ ಸೋವಿಯತ್ ದೇಶಗಳಲ್ಲಿ ರೂಬಲ್ ಬಿಟ್ಟು ಹೊರನಡೆದ ಮೊದಲ ದೇಶ ಇದೇ. ಒಬ್ಬ ನಿವಾಸಿ 1,500 ರೂಬಲ್‌ಗಳನ್ನು ಹತ್ತಕ್ಕೆ ಒಂದರಂತೆ ಬದಲಾಯಿಸಿಕೊಳ್ಳಬಹುದಿತ್ತು, ಅಂದರೆ ಕೈಗೆ ಬರುವುದು 150 ಕ್ರೋನ್. ಎಂಟು ಕ್ರೋನಿಗೆ ಒಂದು ಜರ್ಮನ್ ಮಾರ್ಕ್ ಎಂದು ಬೆಲೆ ಕಟ್ಟಿ, ಅದನ್ನು ಕದಲಿಸುವುದಿಲ್ಲ ಎಂದು ಕಾನೂನಿನಲ್ಲೇ ಬರೆದಿಟ್ಟರು. ಯುದ್ಧಕ್ಕೆ ಮೊದಲು ಪರದೇಶದ ಬ್ಯಾಂಕುಗಳಲ್ಲಿ ಇಟ್ಟಿದ್ದ ಚಿನ್ನ ವಾಪಸು ಬಂದು ಈ ನೋಟುಗಳ ಬೆನ್ನಿಗೆ ನಿಂತಿತು. ಬೆನ್ನಿಗೆ ಏನಿದೆಯೋ ಅಷ್ಟಕ್ಕೇ ನೋಟು ಅಚ್ಚು ಹಾಕಬೇಕು ಎಂಬುದು ಕಟ್ಟುನಿಟ್ಟಿನ ನಿಯಮ. 2011ರ ಜನವರಿ 1ರಂದು ಯೂರೋ ಸೇರುವವರೆಗೂ ಆ ದೇಶ ಈ ಮಾತಿಗೆ ತಪ್ಪಲಿಲ್ಲ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಕಾಗದಕ್ಕೆ ಬೆಲೆ ಬರುವುದು ಅದರ ಹಿಂದೆ ನಿಂತಿರುವುದರಿಂದ ಎಂಬ ಪಾಠವನ್ನು ಅನುಭವದಿಂದಲೇ ಕಲಿತ ಜನ ಇವರು. ಕಾಲು ಶತಮಾನ ಕಳೆದ ಮೇಲೆ ಇನ್ನೊಂದು ಕಾಗದದ ವಿಷಯದಲ್ಲಿ ಇವರೇ ಆ ಪಾಠ ಮರೆತರು.

ಗಣಕಯಂತ್ರದ ರಾಜ್ಯ

ಜನಬಲ ಇಲ್ಲ. ಬದುಕಲು ಎಸ್ಟೋನಿಯಾ ಆರಿಸಿಕೊಂಡ ದಾರಿ ಗಣಕಯಂತ್ರ. 1996ರಲ್ಲಿ 'ಹುಲಿ ನೆಗೆತ' ಎಂಬ ಕಾರ್ಯಕ್ರಮ ಪ್ರಕಟಿಸಿ ಶಾಲೆಗಳಿಗೆ ಕಂಪ್ಯೂಟರ್ ಮತ್ತು ಇಂಟರ್ನೆಟ್ ಕೊಟ್ಟರು. 2002ರಲ್ಲಿ ವಿದ್ಯುನ್ಮಾನ ಗುರುತಿನ ಚೀಟಿ ಬಂತು. 2005ರ ಸ್ಥಳೀಯ ಚುನಾವಣೆಯಲ್ಲಿ ಜನರು ಮನೆಯಲ್ಲೇ ಕುಳಿತು ಇಂಟರ್ನೆಟ್ ಮೂಲಕ ಮತ ಹಾಕಿದರು. ಒಂದು ಕಾಲಕ್ಕೆ ಗಲ್ಫ್‌ನಲ್ಲಿರುವ ಮಗನ ಮುಖವನ್ನು ಊರಿನ ತಾಯಿಗೆ ತೋರಿಸುತ್ತಿದ್ದ ಸ್ಕೈಪ್ ತಂತ್ರಾಂಶವನ್ನು 2003ರಲ್ಲಿ ಬರೆದವರು ತಾಲಿನ್‌ನ ಎಂಜಿನಿಯರುಗಳು.

2014ರ ಡಿಸೆಂಬರ್‌ನಲ್ಲಿ ಎಸ್ಟೋನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೋಕದ ಯಾವ ಮೂಲೆಯಲ್ಲಿರುವವರಿಗೂ 'ಇ-ರೆಸಿಡೆನ್ಸಿ' ಕೊಡುವುದಾಗಿ ಸಾರಿತು. ಇದು ಪೌರತ್ವವಲ್ಲ, ವೀಸಾ ಕೂಡ ಅಲ್ಲ. ಒಂದು ವಿದ್ಯುನ್ಮಾನ ಗುರುತು ಮಾತ್ರ. ಅದನ್ನು ಹಿಡಿದು ಆ ದೇಶದ ಮಣ್ಣು ಮೆಟ್ಟದೆಯೇ ಅಲ್ಲಿ ಕಂಪನಿ ನೋಂದಾಯಿಸಬಹುದು, ಕಾಗದಗಳಿಗೆ ಸಹಿ ಹಾಕಬಹುದು. ಪ್ರಾಮಾಣಿಕ ಸಣ್ಣ ವ್ಯಾಪಾರಿಗಳಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಒಂದೇ ಒಂದು ತೊಡಕು. ಮುಖ ಕಾಣದ ನೆರೆಯವನು ಎಂಥವನು ಎಂದು ತಿಳಿಯುವುದು ಹೇಗೆ?

345 ಯೂರೋದ ಕಾಗದ

ಇಷ್ಟರಲ್ಲಿ ಬಿಟ್‌ಕಾಯಿನ್ ಬಂದಿತ್ತು. ಸತೋಶಿ ನಕಾಮೊಟೊ ಎಂಬ ಹೆಸರಿನ ಹಿಂದೆ ಅಡಗಿದ್ದ ಯಾರೋ 2008ರಲ್ಲಿ ಅದರ ಯೋಜನೆ ಪ್ರಕಟಿಸಿದರು. 2009ರ ಜನವರಿಯಲ್ಲಿ ಅದು ಚಾಲನೆಗೆ ಬಂತು. ಇದಕ್ಕೆ ಸರ್ಕಾರ ಇಲ್ಲ, ರಿಸರ್ವ್ ಬ್ಯಾಂಕ್ ಇಲ್ಲ. ಲೆಕ್ಕದ ಪುಸ್ತಕ ಸಾವಿರಾರು ಕಂಪ್ಯೂಟರುಗಳಲ್ಲಿ ಹಂಚಿಹೋಗಿದೆ. ಆದರೆ ರೊಟ್ಟಿ, ಬಾಡಿಗೆ, ಸಂಬಳ ಎಲ್ಲ ಯೂರೋದಲ್ಲಿ ನಡೆಯುವ ಊರಿನಲ್ಲಿ ಬಿಟ್‌ಕಾಯಿನ್ ಇಟ್ಟುಕೊಂಡವನು ಎಲ್ಲೋ ಒಂದು ಕಡೆ ಅದನ್ನು ಯೂರೋ ಮಾಡಿಕೊಳ್ಳಲೇಬೇಕು. ಅಲ್ಲಿ ನಮ್ಮ ಹಳೆಯ ಪೇಟೆಯ ಚಿನಿವಾರನಂಥ, ಸರಾಫನಂಥ ಒಬ್ಬನು ಬೇಕು. ಒಂದು ನಾಣ್ಯ ತೆಗೆದುಕೊಂಡು ಇನ್ನೊಂದನ್ನು ಕೊಡುವವನು. ಕಾನೂನು ಹಿಡಿಯಲು ಸಾಧ್ಯವಿರುವುದು ಇವನನ್ನೇ. ಏಕೆಂದರೆ ಬಿಟ್‌ಕಾಯಿನ್ನಿಗೆ ವಿಳಾಸವಿಲ್ಲ, ಚಿನಿವಾರನ ಅಂಗಡಿಗೆ ಇದೆ.

ಎಸ್ಟೋನಿಯಾದಲ್ಲಿ ಈ ಪ್ರಶ್ನೆ ಮೊದಲು ಕೋರ್ಟಿಗೆ ಹೋಯಿತು. ಅಲ್ಲಿ ನೆಲೆಸಿ ಬಿಟ್‌ಕಾಯಿನ್ ಕೊಟ್ಟು ಕೊಳ್ಳುವ ತಾಣ ನಡೆಸುತ್ತಿದ್ದ ನೆದರ್ಲ್ಯಾಂಡ್ಸ್ ಮೂಲದ ಒಬ್ಬರಿಂದ 2014ರಲ್ಲಿ ಪೊಲೀಸರು ಗಿರಾಕಿಗಳ ವಿವರ ಕೇಳಿದರು. ಅವರು ಒಪ್ಪದೆ ನ್ಯಾಯಾಲಯಕ್ಕೆ ಹೋದರು. 2016ರ ಏಪ್ರಿಲ್‌ನಲ್ಲಿ ಎಸ್ಟೋನಿಯಾದ ಸುಪ್ರೀಂ ಕೋರ್ಟ್, ಬಿಟ್‌ಕಾಯಿನ್ ವ್ಯಾಪಾರವೂ ಕಪ್ಪುಹಣ ತಡೆ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ತೀರ್ಪು ಕೊಟ್ಟಿತು.

ಆಮೇಲೆ ಹೊಸ ಕಾನೂನು. 2017ರ ನವೆಂಬರ್ 27ರಂದು ಜಾರಿಗೆ ಬಂದ ಕಪ್ಪುಹಣ ಮತ್ತು ಭಯೋತ್ಪಾದನೆಗೆ ಹಣ ತಡೆ ಕಾಯಿದೆಯಲ್ಲಿ ಎರಡು ಬಗೆಯ ಪರವಾನಗಿ ಇತ್ತು. ಕ್ರಿಪ್ಟೋ ಕರೆನ್ಸಿಯನ್ನು ಸರ್ಕಾರಿ ಹಣಕ್ಕೆ ಬದಲಾಯಿಸುವ ಅಂಗಡಿಗೆ ಒಂದು. ಜನರ ಕ್ರಿಪ್ಟೋವನ್ನು ತಿಜೋರಿಯಲ್ಲಿಟ್ಟುಕೊಂಡು ಕಾಯುವವರಿಗೆ, ಅಂದರೆ 'ವ್ಯಾಲೆಟ್' ನಡೆಸುವವರಿಗೆ ಇನ್ನೊಂದು. ಯುರೋಪಿನಲ್ಲಿ ಇಂಥ ಸ್ಪಷ್ಟ ಕಾನೂನು ಮಾಡಿದ ಮೊದಲಿಗರಲ್ಲಿ ಎಸ್ಟೋನಿಯಾವೂ ಒಂದು. ಇಡೀ ಯುರೋಪಿಯನ್ ಒಕ್ಕೂಟ ತನ್ನ ಐದನೆಯ ಕಪ್ಪುಹಣ ತಡೆ ನಿರ್ದೇಶನದ ಮೂಲಕ ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2020ರ ಜನವರಿ 10. ಅದಕ್ಕೆ ಎರಡು ವರ್ಷ ಮೊದಲೇ ತಾಲಿನ್ ತಯಾರಾಗಿತ್ತು.

ಪರವಾನಗಿಗೆ ಬೇಕಾದದ್ದೇನು? ಎಸ್ಟೋನಿಯಾದಲ್ಲಿ ನೋಂದಾಯಿತವಾದ ಒಂದು ಕಂಪನಿ. ಮಾಲೀಕ ಮತ್ತು ನಿರ್ದೇಶಕರ ಮೇಲೆ ಅಪರಾಧದ ದಾಖಲೆ ಇಲ್ಲ ಎಂಬ ಪ್ರಮಾಣಪತ್ರ. ಗಿರಾಕಿಯ ಗುರುತು ಹೇಗೆ ಪರಿಶೀಲಿಸುತ್ತೇವೆ ಎಂದು ಬರೆದ ನಿಯಮಾವಳಿ. ಅನುಮಾನದ ವ್ಯವಹಾರ ಕಂಡರೆ ಸರ್ಕಾರಕ್ಕೆ ವರದಿ ಮಾಡಲು ಒಬ್ಬ ಸಂಪರ್ಕ ವ್ಯಕ್ತಿ. ಶುಲ್ಕ 345 ಯೂರೋ. ಅರ್ಜಿ ನೋಡಿ ತೀರ್ಮಾನಿಸಲು 30 ಕೆಲಸದ ದಿನಗಳು. ಅರ್ಜಿ ನೋಡುತ್ತಿದ್ದುದು ಆಗ ಪೊಲೀಸ್ ಮತ್ತು ಗಡಿ ಕಾವಲು ಮಂಡಳಿಯ ಒಂದು ಭಾಗವಾಗಿದ್ದ ಹಣಕಾಸು ಗುಪ್ತಚರ ಘಟಕ. ಅಂಗಡಿ ಎಸ್ಟೋನಿಯಾದಲ್ಲಿ ಇರಬೇಕೆಂದೇನೂ ಇರಲಿಲ್ಲ. ನಿರ್ದೇಶಕ ಅಲ್ಲಿ ವಾಸಿಸಬೇಕೆಂದೂ ಇರಲಿಲ್ಲ.

ಉದ್ದೇಶ ಕೆಟ್ಟದ್ದಲ್ಲ. ಕತ್ತಲಲ್ಲಿ ನಡೆಯುವ ವ್ಯಾಪಾರವನ್ನು ದೀಪದ ಕೆಳಗೆ ತರೋಣ ಎಂದು ಅವರು ಯೋಚಿಸಿದರು. ಆದರೆ ದೀಪ ಹಚ್ಚಿದ ಮೇಲೆ ಹುಳುಗಳು ಬರುವುದೂ ಸಹಜ.

ಹುಳುಗಳ ಸಾಲು

2017ರ ಡಿಸೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ನಿನ ಬೆಲೆ ಸುಮಾರು 20 ಸಾವಿರ ಡಾಲರ್‌ವರೆಗೆ ಏರಿತು. ಜಗತ್ತಿನ ಎಲ್ಲ ಕಡೆಯಿಂದ ಜನ ಕ್ರಿಪ್ಟೋ ಅಂಗಡಿ ತೆರೆಯಲು ಹೊರಟರು. ಎಲ್ಲರಿಗೂ ಒಂದು ಮರ್ಯಾದಸ್ತ ವಿಳಾಸ ಬೇಕಿತ್ತು. ಯುರೋಪಿಯನ್ ಒಕ್ಕೂಟದ ಒಂದು ದೇಶದ ಮೊಹರು 345 ಯೂರೋಗೆ ಸಿಗುವಾಗ ಬೇಡ ಎನ್ನುವವರು ಯಾರು? ಮಧ್ಯವರ್ತಿಗಳು ಹುಟ್ಟಿಕೊಂಡರು. ಕಂಪನಿ ನೋಂದಾಯಿಸಿ, ಅರ್ಜಿ ತುಂಬಿ, ನಿಯಮಾವಳಿಯನ್ನೂ ತಾವೇ ಬರೆದು, ಪರವಾನಗಿ ಸಮೇತ ಸಿದ್ಧವಾದ ಕಂಪನಿಯನ್ನು ಮಾರುವುದೇ ಒಂದು ಕಸುಬಾಯಿತು. ಹೊಲಿದ ಅಂಗಿ ಕೊಂಡಂತೆ ಹೊಲಿದ ಕಂಪನಿ.

ಎರಡೇ ವರ್ಷಗಳಲ್ಲಿ ಕೊಟ್ಟ ಪರವಾನಗಿಗಳು ಸಾವಿರದ ಗಡಿ ದಾಟಿದವು. ಹದಿನಾಲ್ಕು ಲಕ್ಷ ಜನರ ದೇಶಕ್ಕೆ ಅಷ್ಟು ಚಿನಿವಾರರು ಯಾತಕ್ಕೆ? ಅವರಲ್ಲಿ ಬಹುಪಾಲು ಮಂದಿಯ ಮಾಲೀಕರು, ಗಿರಾಕಿಗಳು, ಹಣ ಯಾವುದೂ ಎಸ್ಟೋನಿಯಾದಲ್ಲಿರಲಿಲ್ಲ. ಅಲ್ಲಿದ್ದದ್ದು ಹೆಸರು ಮಾತ್ರ. ಆ ಹೆಸರನ್ನು ಪರದೆಯ ಕೆಳಗೆ ಬರೆದುಕೊಂಡು ಕಂಪನಿಗಳು ದೂರದೂರದ ಊರುಗಳಲ್ಲಿ ಗಿರಾಕಿ ಹುಡುಕಿದವು. ನಮ್ಮ ಬೀದಿಯ ಹುಡುಗನ ಮೊಬೈಲಿನಲ್ಲಿ ನಾನು ಕಂಡದ್ದೂ ಅದೇ.

ಬ್ಯಾಂಕಿನಿಂದ ಬಂದ ಎಚ್ಚರಿಕೆ

ಎಸ್ಟೋನಿಯಾವನ್ನು ನಿದ್ದೆಯಿಂದ ಎಬ್ಬಿಸಿದ್ದು ಕ್ರಿಪ್ಟೋ ಅಲ್ಲ, ಒಂದು ಬ್ಯಾಂಕು. ಡೆನ್ಮಾರ್ಕಿನ ಅತಿ ದೊಡ್ಡ ಬ್ಯಾಂಕಾದ ಡಾನ್ಸ್ಕೆ ಬ್ಯಾಂಕಿಗೆ ತಾಲಿನ್‌ನಲ್ಲಿ ಒಂದು ಶಾಖೆ ಇತ್ತು. 2007ರಿಂದ 2015ರವರೆಗೆ ಆ ಶಾಖೆಯಲ್ಲಿ ಪರದೇಶದ ಗಿರಾಕಿಗಳ ಖಾತೆಗಳ ಮೂಲಕ ಸುಮಾರು 200 ಶತಕೋಟಿ ಯೂರೋ ಹರಿದು ಹೋಗಿತ್ತು. ಎಸ್ಟೋನಿಯಾ ಇಡೀ ವರ್ಷ ದುಡಿದು ಉತ್ಪಾದಿಸುವುದರ ಹಲವು ಪಟ್ಟು ಇದು. ಇದರಲ್ಲಿ ಬಹುಪಾಲು ಅನುಮಾನಾಸ್ಪದ ಎಂದು 2018ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕೇ ನಡೆಸಿದ ತನಿಖೆಯ ವರದಿ ಹೇಳಿತು. ಒಳಗಿನ ಅಧಿಕಾರಿಯೊಬ್ಬರು ಮೊದಲೇ ಎಚ್ಚರಿಸಿದ್ದರು, ಮೇಲಿನವರು ಕಿವಿಗೆ ಹಾಕಿಕೊಂಡಿರಲಿಲ್ಲ. ಬ್ಯಾಂಕಿನ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. 2019ರ ಫೆಬ್ರವರಿಯಲ್ಲಿ ಎಸ್ಟೋನಿಯಾ ಆ ಶಾಖೆಯನ್ನೇ ಮುಚ್ಚಲು ಆದೇಶಿಸಿತು. 2022ರ ಡಿಸೆಂಬರ್‌ನಲ್ಲಿ ಬ್ಯಾಂಕು ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಸುಮಾರು 2 ಶತಕೋಟಿ ಡಾಲರ್ ತೆರಲು ಒಪ್ಪಿತು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಡಾನ್ಸ್ಕೆ ಬ್ಯಾಂಕ್ 1871ರಲ್ಲಿ ಸ್ಥಾಪನೆಯಾದದ್ದು. ಅದಕ್ಕೆ ಪೂರ್ಣ ಪರವಾನಗಿ ಇತ್ತು, ಬಂಡವಾಳ ಇತ್ತು, ಅಮೃತಶಿಲೆಯಂಥ ಹೆಸರಿತ್ತು. ಅಂಥದ್ದರ ಶಾಖೆಯಲ್ಲೇ ಹೀಗಾದರೆ, 345 ಯೂರೋ ಶುಲ್ಕ ಕಟ್ಟಿ ಹುಟ್ಟಿದ ಸಾವಿರ ಕಂಪನಿಗಳಲ್ಲಿ ಏನು ನಡೆಯುತ್ತಿರಬಹುದು? ತಾಲಿನ್‌ನ ಅಧಿಕಾರಿಗಳಿಗೆ ಈ ಪ್ರಶ್ನೆ ಕೇಳಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಕೊಟ್ಟ ಕಾಗದ ಹಿಂದಕ್ಕೆ

2020ರ ಮಾರ್ಚ್ 10ರಂದು ಕಾನೂನು ಬಿಗಿಯಾಯಿತು. ಎರಡು ಪರವಾನಗಿಗಳು ಸೇರಿ ಒಂದಾದವು. ಶುಲ್ಕ 345 ಯೂರೋದಿಂದ 3,300ಕ್ಕೆ ಏರಿತು. ಕನಿಷ್ಠ 12 ಸಾವಿರ ಯೂರೋ ಷೇರು ಬಂಡವಾಳ ಕಟ್ಟಿರಬೇಕು. ಕಂಪನಿಯ ಕಚೇರಿ, ಆಡಳಿತ ಮಂಡಳಿ, ವ್ಯವಹಾರದ ಸ್ಥಳ ಎಸ್ಟೋನಿಯಾದಲ್ಲೇ ಇರಬೇಕು. ಮಾಲೀಕರ ಮತ್ತು ನಿರ್ದೇಶಕರ ವ್ಯಾಪಾರದ ನಡತೆ ಚೆನ್ನಾಗಿರಬೇಕು. ಹಳೆಯ ಪರವಾನಗಿದಾರರು ಅದೇ ವರ್ಷದ ಜುಲೈ 1ರೊಳಗೆ ಹೊಸ ನಿಯಮಕ್ಕೆ ಹೊಂದಿಕೊಳ್ಳಬೇಕು. ಪರವಾನಗಿ ಪಡೆದು ಆರು ತಿಂಗಳಾದರೂ ಕೆಲಸ ಶುರುಮಾಡದ ಕಂಪನಿಗಳ ಪರವಾನಗಿಗಳನ್ನೂ ಘಟಕ ರದ್ದು ಮಾಡತೊಡಗಿತು. ಆ ವರ್ಷ ಮುಗಿಯುವ ಹೊತ್ತಿಗೆ ರದ್ದಾದ ಪರವಾನಗಿಗಳೇ ಸಾವಿರ ದಾಟಿದ್ದವು.

2021ರ ಜನವರಿ 1ರಿಂದ ಹಣಕಾಸು ಗುಪ್ತಚರ ಘಟಕ ಪೊಲೀಸ್ ಇಲಾಖೆಯಿಂದ ಬೇರೆಯಾಗಿ ಹಣಕಾಸು ಸಚಿವಾಲಯದಡಿ ಸ್ವತಂತ್ರ ಸಂಸ್ಥೆಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದರ ಮುಖ್ಯಸ್ಥ ಮಾಟಿಸ್ ಮೇಕರ್, ಇರುವ ಪರವಾನಗಿಗಳನ್ನೆಲ್ಲ ಸೊನ್ನೆಗೆ ತಂದು ಮೊದಲಿನಿಂದ ಕೊಡಲು ಶುರುಮಾಡಬೇಕು ಎಂಬ ಅರ್ಥದ ಮಾತನ್ನು ಪತ್ರಿಕೆಯೊಂದರ ಮುಂದೆ ಬಹಿರಂಗವಾಗಿ ಹೇಳಿದರು. ಸರ್ಕಾರಿ ಅಧಿಕಾರಿಯೊಬ್ಬರು ತಮ್ಮದೇ ಕಚೇರಿಯ ಮೊಹರಿನ ಬಗ್ಗೆ ಹೀಗೆ ಹೇಳುವುದು ಸಾಮಾನ್ಯ ಸಂಗತಿಯಲ್ಲ.

ಅವರ ಆತಂಕಕ್ಕೆ ಕಾರಣವಿತ್ತು ಎಂಬುದು ಒಂದು ಕಂಪನಿಯ ಕಥೆಯಿಂದ ತಿಳಿಯುತ್ತದೆ. ಗ್ಯಾರಂಟೆಕ್ಸ್ ಎಂಬ ವಿನಿಮಯ ಕೇಂದ್ರ 2019ರಲ್ಲಿ ಎಸ್ಟೋನಿಯಾದಲ್ಲಿ ನೋಂದಾಯಿತವಾಯಿತು. ಅದರ ವ್ಯವಹಾರ ಹೆಚ್ಚಾಗಿ ನಡೆಯುತ್ತಿದ್ದುದು ಮಾಸ್ಕೋದಲ್ಲಿ. 2022ರ ಫೆಬ್ರವರಿಯಲ್ಲಿ ಎಸ್ಟೋನಿಯಾದ ಘಟಕ ತಪಾಸಣೆ ನಡೆಸಿ, ಕಪ್ಪುಹಣ ತಡೆಯಲ್ಲಿ ಗಂಭೀರ ಲೋಪಗಳನ್ನೂ ಅಪರಾಧಕ್ಕೆ ಬಳಕೆಯಾದ ವ್ಯಾಲೆಟ್‌ಗಳೊಂದಿಗೆ ನಂಟನ್ನೂ ಕಂಡು ಅದರ ಪರವಾನಗಿ ಕಳೆಯಿತು. ಏಪ್ರಿಲ್‌ನಲ್ಲಿ ಅಮೆರಿಕ ಅದರ ಮೇಲೆ ನಿರ್ಬಂಧ ಹೇರಿತು. ಕಳ್ಳ ವ್ಯವಹಾರಗಳಿಗೆ ಸೇರಿದ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ಅಲ್ಲಿ ಕೈ ಬದಲಾಯಿಸಿದೆ ಎಂದು ಅಮೆರಿಕದ ಖಜಾನೆ ಇಲಾಖೆ ಹೇಳಿತು. ಪರವಾನಗಿ ಹೋದ ಮೇಲೂ ಅಂಗಡಿ ಮುಚ್ಚಲಿಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕ, ಜರ್ಮನಿ ಮತ್ತು ಫಿನ್ಲೆಂಡಿನ ಅಧಿಕಾರಿಗಳು ಒಟ್ಟಾಗಿ ಅದರ ತಾಣವನ್ನು ವಶಪಡಿಸಿಕೊಂಡರು. ಅದನ್ನು ನಡೆಸಿದ ಆರೋಪ ಹೊತ್ತ ಲಿಥುವೇನಿಯಾದ ಪೌರರೊಬ್ಬರು ಕೆಲವೇ ದಿನಗಳಲ್ಲಿ ಸೆರೆಸಿಕ್ಕಿದರು. ಎಲ್ಲಿ? ನಮ್ಮ ನೆರೆಯ ಕೇರಳದ ವರ್ಕಲದಲ್ಲಿ. ಅಮೆರಿಕದ ಕೋರಿಕೆಯ ಮೇರೆಗೆ ಸಿಬಿಐ ಮತ್ತು ಕೇರಳ ಪೊಲೀಸರು ಅವರನ್ನು ಹಿಡಿದರು. ತಾಲಿನ್‌ನಲ್ಲಿ ಒತ್ತಿದ ಮೊಹರಿನ ಬಾಲ ಅರಬ್ಬೀ ಸಮುದ್ರದ ದಂಡೆಯವರೆಗೂ ಬಂದಿತ್ತು. ಯುರೋಪಿನ ಪರವಾನಗಿ ನಮಗೇಕೆ ಎಂದು ಕೇಳುವವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ಎರಡನೆಯ ಜರಡಿ

2022ರ ಮಾರ್ಚ್ 15ರಂದು ಇನ್ನೂ ಬಿಗಿಯಾದ ಕಾನೂನು ಬಂತು. ಶುಲ್ಕ 10 ಸಾವಿರ ಯೂರೋ ಆಯಿತು. ವಿನಿಮಯ ಮತ್ತು ವ್ಯಾಲೆಟ್ ಸೇವೆಗೆ ಕನಿಷ್ಠ ಬಂಡವಾಳ ಒಂದು ಲಕ್ಷ ಯೂರೋ, ಹಣ ರವಾನೆಯಂಥ ಸೇವೆಗೆ ಎರಡೂವರೆ ಲಕ್ಷ. ಆಡಳಿತ ಮಂಡಳಿಯವರಿಗೆ ಉನ್ನತ ಶಿಕ್ಷಣ ಮತ್ತು ಕನಿಷ್ಠ ಎರಡು ವರ್ಷದ ವೃತ್ತಿ ಅನುಭವ ಇರಬೇಕು. ಲೆಕ್ಕಪತ್ರಗಳ ಪರಿಶೋಧನೆ ಆಗಬೇಕು. ಹೆಸರಿಲ್ಲದ ಖಾತೆ ತೆರೆಯುವಂತಿಲ್ಲ. ಕ್ರಿಪ್ಟೋ ಕಳಿಸುವಾಗ ಕಳಿಸುವವರು ಯಾರು, ಪಡೆಯುವವರು ಯಾರು ಎಂಬ ವಿವರ ಜೊತೆಯಲ್ಲೇ ಹೋಗಬೇಕು. ಸರ್ಕಾರ ಕ್ರಿಪ್ಟೋವನ್ನೇ ನಿಷೇಧಿಸುತ್ತಿದೆ ಎಂಬ ಗುಲ್ಲೆದ್ದಾಗ, ಒಬ್ಬ ವ್ಯಕ್ತಿ ತನ್ನ ಬಳಿ ಕ್ರಿಪ್ಟೋ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಈ ನಿಯಮಗಳು ಅಂಗಡಿ ನಡೆಸುವವರಿಗೆ ಮಾತ್ರ ಎಂದು ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು.

ಜರಡಿ ಹಿಡಿದ ಮೇಲೆ ಉಳಿದದ್ದೆಷ್ಟು? 2023ರ ಮೇ ತಿಂಗಳಲ್ಲಿ ಘಟಕ ಲೆಕ್ಕ ಕೊಟ್ಟಿತು. ಹೊಸ ಕಾನೂನಿನ ನಂತರ ಇನ್ನೂರರ ಹತ್ತಿರ ಕಂಪನಿಗಳು ತಾವಾಗಿಯೇ ಪರವಾನಗಿ ಒಪ್ಪಿಸಿದ್ದವು. 189 ಪರವಾನಗಿಗಳನ್ನು ಘಟಕ ರದ್ದು ಮಾಡಿತ್ತು. ಚಾಲ್ತಿಯಲ್ಲಿ ಉಳಿದದ್ದು 100.

ಪರಿಶೀಲನೆಯ ಹೊತ್ತಿನಲ್ಲಿ ಕಂಡ ಸಂಗತಿಗಳನ್ನೂ ಘಟಕ ಬಚ್ಚಿಡಲಿಲ್ಲ. ಕೆಲವು ಕಂಪನಿಗಳ ನಿರ್ದೇಶಕರಿಗೆ ತಾವು ನಿರ್ದೇಶಕರು ಎಂಬುದೇ ತಿಳಿದಿರಲಿಲ್ಲ. ಕೆಲವರ ವೃತ್ತಿ ವಿವರಗಳು ಸುಳ್ಳಾಗಿದ್ದವು. ಬೇರೆ ಬೇರೆ ಕಂಪನಿಗಳ ವ್ಯಾಪಾರ ಯೋಜನೆಗಳು ಒಂದೇ ಕಾಗದದ ನಕಲುಗಳಂತಿದ್ದವು. ಅಂದರೆ ಇಷ್ಟು ವರ್ಷ ಆ ಅರ್ಜಿಗಳನ್ನು ಯಾರೂ ಪಕ್ಕಪಕ್ಕದಲ್ಲಿಟ್ಟು ಓದಿರಲಿಲ್ಲ ಎಂದೇ ಅರ್ಥ. ಓದದೆ ಒತ್ತಿದ ಮೊಹರಿಗೆ ಮಸಿಯ ಬೆಲೆಯೂ ಇರುವುದಿಲ್ಲ.

ಒಂದು ಬಾಗಿಲು ಮುಚ್ಚಿದರೆ

ಎಸ್ಟೋನಿಯಾ ಬಿಗಿಯಾದಾಗ ಹುಳುಗಳು ಬೇರೆ ದೀಪ ಹುಡುಕಿದವು. ಅನೇಕ ಕಂಪನಿಗಳು ನೆರೆಯ ಲಿಥುವೇನಿಯಾಕ್ಕೆ ಹೋದವು. ಅಲ್ಲಿಯೂ ಗುಂಪು ಸೇರಿದಾಗ ಆ ದೇಶ 2022ರ ನವೆಂಬರ್‌ನಿಂದ ಕನಿಷ್ಠ ಬಂಡವಾಳವನ್ನು 1 ಲಕ್ಷ 25 ಸಾವಿರ ಯೂರೋಗೆ ಏರಿಸಿತು. ಒಂದೊಂದು ದೇಶ ಒಂದೊಂದು ಕಾನೂನು ಮಾಡಿದರೆ ಆಟ ಮುಗಿಯುವುದಿಲ್ಲ ಎಂದು ಯುರೋಪಿಯನ್ ಒಕ್ಕೂಟಕ್ಕೆ ಮನವರಿಕೆಯಾಯಿತು. ಕ್ರಿಪ್ಟೋ ಆಸ್ತಿಗಳ ಮಾರುಕಟ್ಟೆಗೆ 27 ದೇಶಗಳಿಗೂ ಒಂದೇ ಕಾನೂನನ್ನು 2023ರಲ್ಲಿ ಮಾಡಿದರು. ಚಿಕ್ಕದಾಗಿ ಅದಕ್ಕೆ 'ಮಿಕಾ' ಎನ್ನುತ್ತಾರೆ. ಕ್ರಿಪ್ಟೋ ಸೇವೆ ಕೊಡುವ ಕಂಪನಿಗಳಿಗೆ ಅದು ಅನ್ವಯವಾದದ್ದು 2024ರ ಡಿಸೆಂಬರ್ 30ರಿಂದ.

ಇದರ ಪ್ರಕಾರ ಸಲಹೆ ಕೊಡುವ, ಗಿರಾಕಿಯ ಆದೇಶ ತಲುಪಿಸುವಂಥ ಸೇವೆಗೆ 50 ಸಾವಿರ ಯೂರೋ ಬಂಡವಾಳ ಬೇಕು. ಗಿರಾಕಿಗಳ ಕ್ರಿಪ್ಟೋ ಕಾಯುವವರಿಗೆ, ವಿನಿಮಯ ಮಾಡುವವರಿಗೆ 1 ಲಕ್ಷ 25 ಸಾವಿರ. ಕೊಳ್ಳುವವರನ್ನೂ ಮಾರುವವರನ್ನೂ ಒಂದೆಡೆ ಸೇರಿಸುವ ಮಾರುಕಟ್ಟೆ ನಡೆಸುವವರಿಗೆ ಒಂದೂವರೆ ಲಕ್ಷ. ಗಿರಾಕಿಯ ಆಸ್ತಿಯನ್ನು ಕಂಪನಿಯ ಆಸ್ತಿಯೊಂದಿಗೆ ಬೆರೆಸುವಂತಿಲ್ಲ. ಒಂದು ದೇಶದಲ್ಲಿ ಅನುಮತಿ ಪಡೆದರೆ ಒಕ್ಕೂಟದ ಎಲ್ಲ ದೇಶಗಳಲ್ಲೂ ವ್ಯಾಪಾರ ಮಾಡಬಹುದು. ಎಸ್ಟೋನಿಯಾ ಇದಕ್ಕೆ ಹೊಂದುವಂತೆ ತನ್ನ ಕಾಯಿದೆ ಬದಲಾಯಿಸಿ, ಹೊಸ ಅನುಮತಿ ಕೊಡುವ ಕೆಲಸವನ್ನು ಬ್ಯಾಂಕು, ವಿಮೆಗಳನ್ನು ನೋಡಿಕೊಳ್ಳುವ ಹಣಕಾಸು ಮೇಲ್ವಿಚಾರಣಾ ಸಂಸ್ಥೆಗೆ ವಹಿಸಿತು. ಘಟಕ ಕೊಟ್ಟಿದ್ದ ಹಳೆಯ ಪರವಾನಗಿಗಳಿಗೆ ಇಟ್ಟ ಕೊನೆಯ ಗಡುವು 2026ರ ಜುಲೈ 1.

ಒಂದೇ ಕಾನೂನಾದರೂ ಅದನ್ನು ಓದುವ ಕಣ್ಣುಗಳು 27. 2025ರ ಜುಲೈನಲ್ಲಿ ಯುರೋಪಿನ ಷೇರು ಮಾರುಕಟ್ಟೆ ಪ್ರಾಧಿಕಾರ, ಮಾಲ್ಟಾ ದೇಶ ಒಂದು ಕಂಪನಿಗೆ ಅನುಮತಿ ಕೊಟ್ಟ ರೀತಿಯನ್ನು ಪರಿಶೀಲಿಸಿ, ಅಲ್ಲಿ ಇನ್ನೂ ಹೆಚ್ಚಿನ ತಪಾಸಣೆ ಆಗಬೇಕಿತ್ತು ಎಂದಿತು. ಸುಲಭದ ಬಾಗಿಲು ಹುಡುಕುವ ಅಭ್ಯಾಸ ಕಾನೂನು ಬದಲಾದ ಮಾತ್ರಕ್ಕೆ ಹೋಗುವುದಿಲ್ಲ.

ಮುಹ್ತಸಿಬ್‌ನ ಕಣ್ಣು

ಈ ಕಥೆಯಲ್ಲಿ ನೊಂದವರು ಮೋಸಹೋದ ಗಿರಾಕಿಗಳು ಮಾತ್ರವಲ್ಲ. ಪ್ರಾಮಾಣಿಕವಾಗಿ ಸಣ್ಣ ಅಂಗಡಿ ನಡೆಸುತ್ತಿದ್ದವರೂ ಇದ್ದರು. 12 ಸಾವಿರ ಇದ್ದ ಬಂಡವಾಳ ಎರಡು ವರ್ಷದಲ್ಲಿ ಒಂದು ಲಕ್ಷವಾದಾಗ ಅವರ ಅಂಗಡಿಗಳ ಬಾಗಿಲು ಮುಚ್ಚಿದವು. ಬಂಡವಾಳ ಹೆಚ್ಚು ಎಂದರೆ ಪ್ರಾಮಾಣಿಕತೆ ಹೆಚ್ಚು ಎಂದಲ್ಲ. ಡಾನ್ಸ್ಕೆ ಬ್ಯಾಂಕಿಗೆ ಏನು ಕಡಿಮೆ ಇತ್ತು? ಶುಲ್ಕ ಹತ್ತು ಪಟ್ಟು ಮಾಡಿದರೆ ಬಡ ಕಳ್ಳ ಹೊರಗುಳಿಯುತ್ತಾನೆ, ಶ್ರೀಮಂತ ಕಳ್ಳ ಒಳಗೆ ಬರುತ್ತಾನೆ. 2017ರ ಎಸ್ಟೋನಿಯಾದಲ್ಲಿ ಕೊರತೆಯಾದದ್ದು ಕಾನೂನಲ್ಲ. ಕೊಟ್ಟ ಮೇಲೆ ಹೋಗಿ ನೋಡುವ ಕಣ್ಣು.

ಇಸ್ಲಾಮೀ ನಗರಗಳ ಇತಿಹಾಸದಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯ ಪ್ರಸ್ತಾಪ ಬರುತ್ತದೆ. ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್ ಮಾವರ್ದಿ ರಾಜ್ಯಾಡಳಿತದ ಬಗ್ಗೆ ಬರೆದ ತಮ್ಮ ಗ್ರಂಥದಲ್ಲಿ ಇವನ ಕೆಲಸಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಮುಹ್ತಸಿಬ್‌ನ ಜಾಗ ಪೇಟೆ. ತಕ್ಕಡಿ ಹಿಡಿದು ನೋಡುವುದು, ಅಳತೆಯ ಪಾತ್ರೆ ಪರೀಕ್ಷಿಸುವುದು, ನಾಣ್ಯದಲ್ಲಿ ಮೋಸವಿದೆಯೇ ಎಂದು ವಿಚಾರಿಸುವುದು ಅವನ ಕರ್ತವ್ಯ. ಯಾರಾದರೂ ದೂರು ತರಲಿ ಎಂದು ಅವನು ಕಾಯಬೇಕಾಗಿರಲಿಲ್ಲ. ಅವನನ್ನು ಆದರ್ಶ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಲಂಚ ತಿಂದ ಮುಹ್ತಸಿಬರೂ ಇದ್ದರು, ಅವರನ್ನು ಗೇಲಿ ಮಾಡದ ಪಾರಸಿ ಕವಿಗಳು ಕಡಿಮೆ. ಆದರೆ ಆ ಹುದ್ದೆಯ ಹಿಂದಿದ್ದ ತಿಳಿವಳಿಕೆ ಸರಿಯಾದದ್ದು. ಅಂಗಡಿ ತೆರೆಯುವ ದಿನ ಅಪ್ಪಣೆ ಕೊಟ್ಟರೆ ರಾಜ್ಯದ ಕೆಲಸ ಮುಗಿಯಲಿಲ್ಲ, ಶುರುವಾಯಿತು ಎಂಬ ತಿಳಿವಳಿಕೆ ಅದು.

ಎಸ್ಟೋನಿಯಾವನ್ನು ನಾನು ಇಲ್ಲಿ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸುತ್ತಿಲ್ಲ. ತಪ್ಪು ಮಾಡಿದ ಮೇಲೆ ತನ್ನ ಮೊಹರನ್ನು ತಾನೇ ಹಿಂದಕ್ಕೆ ಪಡೆದು, ಎಷ್ಟು ಕೊಟ್ಟೆವು, ಎಷ್ಟು ಕಳೆದೆವು, ಏನು ಕಂಡೆವು ಎಂದು ಲೋಕದ ಮುಂದೆ ಹೇಳಿದ ದೇಶ ಅದು. ಅಷ್ಟು ಹೇಳುವ ಸರ್ಕಾರಗಳು ಜಗತ್ತಿನಲ್ಲಿ ಹೆಚ್ಚಿಲ್ಲ. 1992ರಲ್ಲಿ ನೋಟಿನ ಹಿಂದೆ ಚಿನ್ನ ಇಟ್ಟ ಜನ, ಪರವಾನಗಿಯ ಹಿಂದೆಯೂ ಏನಾದರೂ ಇಡಬೇಕು ಎಂಬುದನ್ನು ಐದಾರು ವರ್ಷಗಳ ಪೆಟ್ಟು ತಿಂದು ಕಲಿತರು.

ನಮ್ಮ ಬೀದಿಯ ಆ ಹುಡುಗ ಹಣ ಹಾಕಿದನೋ ಇಲ್ಲವೋ ನಾನು ಆಮೇಲೆ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ ಎಂದರೂ ಸರಿ. ಈಗ ಮತ್ತೆ ಬಂದು ಮೊಬೈಲ್ ತೋರಿಸಿದರೆ ಅವನಿಗೆ ಹೇಳಲು ನನ್ನ ಬಳಿ ನಾಲ್ಕು ಮಾತಿವೆ. ಬೇಟಾ, ಈ ಕಾಗದ ಕೊಟ್ಟ ಕಚೇರಿ ಯಾವುದು, ಯಾವ ಕೆಲಸಕ್ಕೆ ಕೊಟ್ಟಿದೆ, ಇವತ್ತಿಗೂ ಅದು ಚಾಲ್ತಿಯಲ್ಲಿದೆಯೇ ಎಂದು ಆ ದೇಶದ ಸರ್ಕಾರಿ ದಾಖಲೆಯಲ್ಲೇ ನೋಡು, ಕಂಪನಿಯ ಪರದೆಯಲ್ಲಿ ನೋಡಬೇಡ. ನಾಳೆ ನಿನ್ನ ಹಣ ಮುಳುಗಿದರೆ ಯಾವ ಊರಿನ ಯಾವ ಬಾಗಿಲು ತಟ್ಟುತ್ತೀಯ ಎಂದು ಇವತ್ತೇ ಕೇಳಿಕೋ. ಆ ಬಾಗಿಲಿನ ವಿಳಾಸ ನಿನಗೆ ಸಿಗದಿದ್ದರೆ ಒಂದು ತಿಳಿದುಕೋ. ಪರದೆಯ ಕೆಳಗೆ ಬರೆದಿರುವುದು ಅವರಿಗೆ ಸಿಕ್ಕ ಪರವಾನಗಿ. ನಿನಗೆ ಯಾರೂ ಜಾಮೀನು ನಿಂತಿಲ್ಲ.